ಷರಾ

ಮಂಗಳವಾರ ಸಂಜೆಯೊಳಗೆ ಬೇಕಂತೆ
ಇಂದುಮತಿ ಮುಚ್ಚಂಡಿಯವರ ತೂಕ.
ಕಮಿಟಿಯ ಪತ್ರ, ಎರಡು ಹಾಳೆಯ ನಮೂನೆ:
ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು,
ಯಾವ ಯಾವ ದೇಶದವರ ಜೊತೆ ಎಷ್ಟು ಲೇಖನ.
ಕೊನೆಗೆ ಬೆರಳಗಲದ ಒಂದು ಕಾಲಂ, ಷರಾ.

ನಾನು ಗ್ರಂಥಾಲಯದ ಸಹಾಯಕ,
ಟಿಳಕವಾಡಿಯಿಂದ ಸೈಕಲ್ಲಿನಲ್ಲಿ ಬಂದು ಬೀಗ ತೆಗೆಯುವವನು.
ಆಫ್ರಿಕಾದ ಭಾಷೆಗಳು ನನ್ನ ಲೆಕ್ಕದಲ್ಲಿ
ಕಿಟಕಿ ಪಕ್ಕದ ಮೂರೂವರೆ ಅಡಿ;
ಅದರಲ್ಲೂ ಒಂದಡಿ ಅವರೇ ಚೀಲದಲ್ಲಿ ಹೊತ್ತು ತಂದದ್ದು.

ಯಂತ್ರವನ್ನು ಕೇಳಿದೆ. ಹಾಗೊಬ್ಬರಿಲ್ಲ ಎಂದಿತು,
ನಾಲ್ವರಿದ್ದಾರೆ:
ಐ. ಮುಚ್ಚಂಡಿ, ಇಂದುಮತಿ ಎಂ.,
ಒತ್ತಕ್ಷರ ಕಳೆದುಕೊಂಡ ಒಬ್ಬ ಮುಚಂಡಿ,
ಮತ್ತೆ ತವರಿನ ಅಡ್ಡಹೆಸರಲ್ಲಿ
ಇಪ್ಪತ್ತೆಂಟು ವರ್ಷದಿಂದ ಒಂದೇ ಲೇಖನ
ಮಡಿಲಲ್ಲಿಟ್ಟುಕೊಂಡು ಕೂತ ನಾಲ್ಕನೆಯವಳು.
ಅಷ್ಟೂ ಜನರನ್ನು ಒಂದು ಕುರ್ಚಿಗೆ ಕೂಡಿಸಲು
ಎರಡು ದಿನ ಹಿಡಿಯಿತು, ಆರು ಚಹಾ.

ಸಹಲೇಖಕರು: ದಾರ್ ಎಸ್ ಸಲಾಮಿನ ಇಬ್ಬರು,
ಲಿಸ್ಬನ್ನಿನ ಒಬ್ಬರು, ಬಸ್ತ್ಯಾಂವ ಸಿದ್ದಿ.
ಸಂಸ್ಥೆ? ಎಂದಿತು ಯಂತ್ರ.
ಖಾನಾಪುರದಾಚೆ ಕಾಡಂಚಿನ ಕೇರಿ,
ಜೇನು ಇಳಿಸುವ ಕಸುಬು,
ತಾಯಿಯ ಬಾಯಿಂದ ಮುನ್ನೂರು ಮಾತು
ಕ್ಯಾಸೆಟ್ಟಿಗೆ ಇಳಿಸಿದವನು.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದು.
'ಸ್ವತಂತ್ರ' ಎಂದು ತುಂಬಿದೆ.
ಒಪ್ಪಿಕೊಂಡಿತು.

ಮಧ್ಯಾಹ್ನ ಖಡೇಬಜಾರಿನಲ್ಲಿ ನಡೆಯುತ್ತ
ಅವರು ಒಮ್ಮೆ ಹೇಳಿದ್ದು ನೆನಪಾಯಿತು:
ಇಲ್ಲಿಯ ದುಕಾನು ಅಲ್ಲಿ ದುಕಾ.
ಗಾಡಿ ಹಡಗು ಹತ್ತಿ ಗಾರಿಯಾಗಿ ಇಳಿಯಿತು.
ಚಪಾತಿ ಚಪಾತಿಯಾಗೇ ಉಳಿಯಿತು, ಬಿಸಿ ಆರದೆ.
ನಮ್ಮ ಲಕ್ಷವೂ ಅವರ ಎಣಿಕೆಯಲ್ಲಿ ಲಾಕಿ.
ಇಷ್ಟು ಕೊಟ್ಟು ಇಷ್ಟು ತೆಗೆದುಕೊಂಡು
ಒಬ್ಬ ವ್ಯಾಪಾರಿಯೂ ಒಂದು ಅಡಿಟಿಪ್ಪಣಿ ಬರೆದಿಲ್ಲ.

ಉಲ್ಲೇಖ ನೂರಾ ಹದಿನಾಲ್ಕು.
ತಮ್ಮನ್ನು ತಾವೇ ಉಲ್ಲೇಖಿಸಿಕೊಂಡ ಹತ್ತೊಂಬತ್ತು ಕಳೆದೆ.
ಎಚ್-ಇಂಡೆಕ್ಸ್ ಐದು:
ಐದು ಲೇಖನ, ಒಂದೊಂದಕ್ಕೂ ಕನಿಷ್ಠ ಐದು ಸಾಕ್ಷಿ,
ಪಂಚಾಯಿತಿಯಲ್ಲಿ ಕೇಳುವ ಹಾಗೆ.
ಒಂದೊಂದನ್ನೂ ತೆಗೆದು ನೋಡಿದೆ, ಯಾರೂ ಹೇಳಿರಲಿಲ್ಲ.
ಬಹಳ ಕಡೆ ಬರೀ ಹೆಸರು, ಲಗ್ನಪತ್ರಿಕೆಯ ಕೆಳಗೆ
ಸಾಲಾಗಿ ನಿಂತ ಬಂಧುಗಳ ಥರ,
ಯಾರು ಯಾರಿಗೆ ಏನಾಗಬೇಕೋ.

ಒಂದು ಮಾತ್ರ ಬೇರೆ. ನಂಪುಲಾ ಊರಿನ
ಜುಲಿಯೇತಾ ಮುಸ್ಸಾ ಎಂಬ ವಿದ್ಯಾರ್ಥಿನಿಯದು:
'ಮುಚ್ಚಂಡಿ ಇಲ್ಲಿ ತಪ್ಪಿದ್ದಾರೆ.
ಈ ಪದ ಸ್ವಾಹಿಲಿಯದಲ್ಲ, ಮಕುವಾ.
ನನ್ನಜ್ಜಿ ಕಾಳು ಕೇರುವಾಗ ಇದನ್ನೇ ಅನ್ನುತ್ತಾಳೆ.'

ಬೈದದ್ದನ್ನೂ ಎಣಿಸಬೇಕೆ? ಕೈಪಿಡಿ ನೋಡಿದೆ.
ಎಣಿಸಬೇಕು. ಬೈಗುಳವೂ ಒಂದು, ಹೊಗಳಿಕೆಯೂ ಒಂದು.

ಅಷ್ಟರಲ್ಲಿ ಅವರೇ ಬಂದರು, ಕೈಯಲ್ಲಿ ಕೊಡೆ.
ಪರದೆ ತಿರುಗಿಸಲು ಹೋದೆ, ತಡವಾಗಿತ್ತು.
ಕನ್ನಡಕ ಹಣೆಗೇರಿಸಿ ಓದಿದರು,
ಮತ್ತೊಮ್ಮೆ ಓದಿದರು,
'ತಪ್ಪು ಅಂದಾಳಲ್ಲೋ' ಅಂದರು,
ಕುಪ್ಪಸದ ತೋಳಿಂದ ಕಣ್ಣೊರೆಸಿಕೊಂಡು ನಕ್ಕರು,
'ಹನ್ನೊಂದನೇ ಪುಟದ ಮಟಾ ಓದ್ಯಾಳ!'

ಐದನ್ನು ಅವರು ನೋಡಲೇ ಇಲ್ಲ.
ಫೋನು ಹಚ್ಚಿದರು. ಸಿಗ್ನಲ್ಲು ಬಂತು, ಹೋಯಿತು, ಬಂತು.
'ಬಸ್ತ್ಯಾಂವ, ನಿಮ್ಮವ್ವ ಮೊರ ಹಿಡದಾಗ ಅಂತಿದ್ಳಲ್ಲ,
ಆ ಮಾತು. ಸಮುದ್ರದಾಚೆ ಒಬ್ಬಾಕಿ ಮುದುಕಿ
ಅದನ್ನ ಅಂತಾಳಂತ. ಹಾಂಗಽ. ಮೊರಾನೂ ಅದಽ.'

ಆ ಕಡೆ ಸ್ವಲ್ಪ ಹೊತ್ತು ನಾಯಿ ಬೊಗಳಿದ್ದಷ್ಟೇ ಕೇಳಿತು.
ಆಮೇಲೆ ಬಸ್ತ್ಯಾಂವನ ದನಿ:
'ಆಕಿ ಇನ್ನೂ ಅದಾಳೇನ್ರಿ, ಬಾಯಾರ?'

ಮೇಡಂ ನನ್ನ ಕಡೆ ನೋಡಿದರು,
ಯಂತ್ರಕ್ಕೆ ಗೊತ್ತಿರಬಹುದು ಎನ್ನುವ ಹಾಗೆ.

ಮಂಗಳವಾರ ನಾಲ್ಕೂಮುಕ್ಕಾಲಿಗೆ ನಮೂನೆ ಕಳಿಸಿದೆ.
ಅಂಕಿಗಳೆಲ್ಲ ತಮ್ಮ ತಮ್ಮ ಚೌಕದಲ್ಲಿ.
ಷರಾ ಕಾಲಮಿನಲ್ಲಿ, ಅಕ್ಷರ ಸಣ್ಣ ಮಾಡಿ:
ಬಸ್ತ್ಯಾಂವ ಸಿದ್ದಿಯವರು ಕೇಳಿದ್ದಕ್ಕೆ
ನಂಪುಲಾದಿಂದ ಉತ್ತರ ಬರುವುದು ಬಾಕಿ ಇದೆ.